ಸೂರ್ಯನನ್ನು ಅಲ್ಲಿಟ್ಟವರು ಯಾರು?

1883ನೇ ಇಸವಿ, ಫೆಬ್ರವರಿ 5, ಸೋಮವಾರ. ಸಂಜೆ 4 ಗಂಟೆ 53 ನಿಮಿಷ. ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಎತ್ರೆತಾ ಅನ್ನುವ ಸಣ್ಣ ಊರು. ಅಲ್ಲಿನ ಕಡಲತೀರದಲ್ಲಿ ಚಿತ್ರಕಾರ ಕ್ಲೋಡ್ ಮೋನೆ ನಿಂತಿದ್ದಾನೆ. ಎದುರಿಗೆ ಸೀಮೆಸುಣ್ಣದ ಕಲ್ಲಿನ ದೊಡ್ಡ ಬಂಡೆ. ಅದರ ತುದಿಯಲ್ಲಿ ಕಡಲು ಕೊರೆದ ಕಮಾನು. ಪಕ್ಕದಲ್ಲಿ ನೀರಿನಿಂದ ನೆಟ್ಟಗೆ ಎದ್ದು ನಿಂತ ಸೂಜಿಬಂಡೆ. ಸೂರ್ಯ ಇನ್ನೇನು ಮುಳುಗಬೇಕು.

ಈ ಸೂರ್ಯಾಸ್ತದ ಚಿತ್ರವನ್ನು ಮೋನೆ ಬರೆದ, ಸಮಯವನ್ನು ಮಾತ್ರ ಎಲ್ಲೂ ಬರೆದಿಟ್ಟಿಲ್ಲ. ಟೆಕ್ಸಾಸ್‌ನ ಖಗೋಳ ಪ್ರೊಫೆಸರ್ ಡೊನಾಲ್ಡ್ ಓಲ್ಸನ್ ಮತ್ತು ಅವರ ತಂಡದವರು ಪತ್ತೆ ಹಚ್ಚಿದ್ದು ಇದು. ಅವರು 2012ರ ಆಗಸ್ಟ್‌ನಲ್ಲಿ ಎತ್ರೆತಾಕ್ಕೆ ಬಂದರು. ಕಮಾನು, ಸೂಜಿಬಂಡೆ ಎರಡೂ ಚಿತ್ರದಲ್ಲಿದ್ದ ಹಾಗೇ ಕಾಣುವ ಜಾಗ ಯಾವುದು ಅಂತ ತೀರದ ಉದ್ದಕ್ಕೂ ಹುಡುಕಿದರು, ಫೋಟೊ ತೆಗೆದರು. ಜಾಗ ಸಿಕ್ಕ ಮೇಲೆ ಸೂರ್ಯನ ಲೆಕ್ಕ. ಮೋನೆ ಆ ಸಲ ಇಲ್ಲಿದ್ದದ್ದು ಜನವರಿ ಕೊನೆಯಿಂದ ಫೆಬ್ರವರಿ 21ರವರೆಗೆ. ಅಷ್ಟರಲ್ಲಿ ಚಿತ್ರದಲ್ಲಿರುವ ಜಾಗಕ್ಕೆ ಸೂರ್ಯ ಬರುವುದು 3ರಿಂದ 7ನೇ ತಾರೀಖಿನ ನಡುವೆ ಮಾತ್ರ. ಆ ಐದರಲ್ಲಿ ನಾಲ್ಕು ದಿನಗಳನ್ನು ಮೋನೆಯ ಪತ್ರಗಳು, ಭರತ ಇಳಿತದ ಲೆಕ್ಕ, ಆಗಿನ ಹವಾಮಾನದ ದಾಖಲೆ ಎಲ್ಲಾ ಸೇರಿ ಹೊರಗೆ ಹಾಕಿದವು. ಉಳಿದದ್ದು 5. ಆಗ ಇಡೀ ಫ್ರಾನ್ಸಿಗೆ ಒಂದೇ ಗಡಿಯಾರ ಇರಲಿಲ್ಲ, ಊರಿಗೊಂದು ಸಮಯ. 4:53 ಅನ್ನುವುದು ಎತ್ರೆತಾದ ಸ್ವಂತ ಸಮಯ. ಹೆಚ್ಚೆಂದರೆ ಒಂದು ನಿಮಿಷ ಆಚೀಚೆ ಅಂತ 2014ರಲ್ಲಿ ಪ್ರಕಟಿಸಿದರು.

ಇದನ್ನು ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಕೊಲೆ ಇಲ್ಲ, ರಕ್ತ ಇಲ್ಲ, ಆದರೂ ಅಪ್ಪಟ ಪತ್ತೇದಾರಿ. ಚಿಕ್ಕಂದಿನಲ್ಲಿ ಬಾಡಿಗೆಗೆ ತಂದು, ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಪತ್ತೇದಾರಿ ಕಾದಂಬರಿ ಓದಿದವಳು ನಾನು. ಅವುಗಳಲ್ಲಿ ಕೊನೆಗೆ ಕೊಲೆಗಾರ ಯಾರು ಅನ್ನುವುದಕ್ಕಿಂತ ಆವತ್ತು ರಾತ್ರಿ ಯಾರು ಎಲ್ಲಿದ್ದರು ಅನ್ನುವ ಭಾಗವೇ ನನಗೆ ಇಷ್ಟವಾಗುತ್ತಿತ್ತು. ಓಲ್ಸನ್ ಮಾಡಿದ್ದೂ ಅದನ್ನೇ ಅಲ್ವಾ? ಮೊದಲು ಎಲ್ಲಿ ನಿಂತಿದ್ದ ಅಂತ ಕೇಳಿದರು. ಮಿಕ್ಕದ್ದೆಲ್ಲ ಆ ಉತ್ತರದ ಹಿಂದೆ ತಾನಾಗಿ ಬಂತು.

ಹಾಗಾಗಿ ನೆದರ್ಲೆಂಡ್ಸ್‌ನಲ್ಲಿರುವ ಮಗಳು "ಅಮ್ಮಾ, ರಿಟೈರ್ ಆದದ್ದಕ್ಕೆ ಏನು ಬೇಕು ನಿನಗೆ?" ಅಂತ ಕೇಳಿದಾಗ ನಾನು ಎರಡು ಸಲ ಯೋಚಿಸಲಿಲ್ಲ. ಎತ್ರೆತಾದಲ್ಲಿ ಚಿತ್ರ ಬರೆಯುವ ರಜೆ ಅಂದೆ. ಅವಳು ಚಿನ್ನದ ಬಳೆ ನಿರೀಕ್ಷಿಸಿದ್ದಳು ಅಂತ ಕಾಣುತ್ತದೆ.

ಈ ಚಿತ್ರ ಬರೆಯುವ ರಜೆ ಅನ್ನುವುದು ಯುರೋಪಿನಲ್ಲಿ ಒಂದು ಒಳ್ಳೆಯ ಚಾಳಿ. ಬೇರೆ ಬೇರೆ ದೇಶದ, ಒಬ್ಬರಿಗೊಬ್ಬರು ಗುರುತಿಲ್ಲದ ಹತ್ತು ಹನ್ನೆರಡು ಜನ ಒಂದು ಮನೆಯಲ್ಲಿ ಉಳಿಯುತ್ತಾರೆ. ಜೊತೆಗೆ ಒಬ್ಬರು ಕಲಿಸುವವರು. ಬೆಳಿಗ್ಗೆ ಬೋರ್ಡು, ಕುರ್ಚಿ, ನೀರಿನ ಬಾಟಲಿ ಹೊತ್ತು ಹೊರಡುವುದು. ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಮೇಜು. ಈ ಚಾಳಿ ಶುರುವಾಗಲು ಎರಡು ಸಾಮಾನು ಬೇಕಾಯಿತು. ಒಂದು, ಬಣ್ಣದ ಟ್ಯೂಬು. ಜಾನ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ 1841ರಲ್ಲಿ ತವರದ ಟ್ಯೂಬಿಗೆ ಪೇಟೆಂಟ್ ತೆಗೆದುಕೊಂಡ. ಅದಕ್ಕೆ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ ಕಟ್ಟಿಡುತ್ತಿದ್ದರಂತೆ. ಇನ್ನೊಂದು, ರೈಲು. ಪ್ಯಾರಿಸ್‌ನಿಂದ ಲ ಆವ್ರ್ ಬಂದರಿಗೆ 1847ರಲ್ಲಿ ರೈಲು ಬಂತು. ಆಮೇಲೆ ಈ ಕರಾವಳಿಯ ಯಾವ ಮೂಲೆಗೆ ಹೋದರೂ ಕೊಡೆಯ ಕೆಳಗೆ ಒಬ್ಬ ಚಿತ್ರಕಾರ.

ಒಂದು ಅಪರಾಧ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ ಹೇಳಿ. ಅಪರಿಚಿತರು, ಒಂದೇ ಸೂರು, ಒಂದೇ ಊಟದ ಮೇಜು. ಅದಕ್ಕಿಂತ ಹೆಚ್ಚಾಗಿ, ಪ್ರತಿಯೊಬ್ಬರೂ ತಾವು ಎಲ್ಲಿ ಕೂತಿದ್ದೆವು, ಯಾವ ಹೊತ್ತಿನಲ್ಲಿ ಅನ್ನುವುದನ್ನು ಕಾಗದದ ಮೇಲೆ ಬರೆದುಕೊಂಡೇ ಮನೆಗೆ ಬರುತ್ತಾರೆ. ಎತ್ರೆತಾಕ್ಕಂತೂ ಪತ್ತೇದಾರಿಯ ನಂಟು ಹಳೆಯದು. ಕಳ್ಳ ಆರ್ಸೆನ್ ಲೂಪಾನ್‌ನನ್ನು ಸೃಷ್ಟಿಸಿದ ಮೋರಿಸ್ ಲೆಬ್ಲಾಂ ಇದೇ ಊರಿನಲ್ಲಿ ಮನೆ ಮಾಡಿಕೊಂಡಿದ್ದ. ಆ ಮನೆ ಈಗ ಮ್ಯೂಸಿಯಂ. 1909ರ ಅವನ ಕಥೆಯೊಂದರಲ್ಲಿ ಈ ಸೂಜಿಬಂಡೆಯ ಒಳಗೆ ಟೊಳ್ಳು, ಅದರಲ್ಲಿ ನಿಧಿ. ಅದನ್ನು ಬೆನ್ನಟ್ಟುವವನು ಪೊಲೀಸ್ ಅಲ್ಲ, ಶಾಲೆಗೆ ಹೋಗುವ ಒಬ್ಬ ಹುಡುಗ. ನಮ್ಮ ಗುಂಪಿನಲ್ಲಿ ದೂರದರ್ಶಕ ಹಿಡಿದು ಬಂಡೆಯಲ್ಲಿ ಕಿಂಡಿ ಇದೆಯಾ ಅಂತ ನೋಡಿದವರು ಇದ್ದರು. ಹೆಸರು ಹೇಳುವುದಿಲ್ಲ. ಅವರ ಗಂಡ ಇದನ್ನು ಓದಿದರೆ ಕಷ್ಟ.

ನಾವು ಉಳಿದದ್ದು ಒಂದು ಹಳೆಯ ಮನೆ. ಮನೆಯೊಡತಿ ಅರವತ್ತು ದಾಟಿದ ಹೆಂಗಸು. ಮನೆ ಅವರ ಅಜ್ಜ ಅಜ್ಜಿಯ ಕಾಲದ್ದು. ಊಟದ ಕೋಣೆಯಲ್ಲಿ, ತಟ್ಟೆ ಲೋಟ ಇಡುವ ಕಪಾಟಿನ ಪಕ್ಕದಲ್ಲಿ ಒಂದು ಜಲವರ್ಣ ಚಿತ್ರ ತೂಗುಹಾಕಿದ್ದರು. ಕೈಬರಹದ ನೋಟ್‌ಬುಕ್ಕಿಗಿಂತ ಸ್ವಲ್ಪ ದೊಡ್ಡದು. ತೀರದ ಕಲ್ಲುಗಳು, ಎರಡು ಮೂರು ದೋಣಿ, ಹುಲ್ಲಿನ ಚಾವಣಿ ಹೊದಿಸಿ ಗುಡಿಸಲು ಮಾಡಿಕೊಂಡ ಹಳೇ ದೋಣಿ ಒಂದು, ಎದುರಿಗೆ ಬಂಡೆ ಕಮಾನು. ಸೂಜಿಬಂಡೆಯ ಪಕ್ಕದಲ್ಲೇ ಕೆಂಪು ಸೂರ್ಯ. "ಅಜ್ಜಿ ಬರೆದದ್ದು," ಅಂದರು ಮನೆಯೊಡತಿ ಮೊದಲ ರಾತ್ರಿಯೇ. "ಮದುವೆಯಾದ ವರ್ಷ, ಜುಲೈ ತಿಂಗಳಲ್ಲಿ. ಅಜ್ಜನ ಜೊತೆ ದಿನಾ ಸಂಜೆ ತೀರಕ್ಕೆ ಹೋಗಿ ಕೂರುತ್ತಿದ್ದರಂತೆ." ಆ ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿರುತ್ತಾರೆ. ಹೇಳುವಾಗ ಚಿತ್ರದ ಕಡೆ ನೋಡುವುದೂ ಇಲ್ಲ, ಅಷ್ಟು ಅಭ್ಯಾಸವಾಗಿದೆ.

ಆ ರಾತ್ರಿ ಊಟ ಮುಗಿಸಿ ಸೂರ್ಯ ಮುಳುಗುವುದನ್ನು ನೋಡಲು ನಾವೆಲ್ಲ ತೀರಕ್ಕೆ ಹೋದೆವು. ಜೂನ್ ತಿಂಗಳು. ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ. ಎಲ್ಲರೂ ಕಮಾನಿನ ಕಡೆ ಮುಖ ಮಾಡಿ ಕೂತೆವು. ಸೂರ್ಯ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಬಲಗಡೆ, ಬಹಳ ದೂರದಲ್ಲಿ, ಬರೀ ನೀರಿನ ಮೇಲೆ ಮುಳುಗಿತು. ಕುರ್ಚಿ ತಿರುಗಿಸಿಕೊಳ್ಳಬೇಕಾಯಿತು.

ಇದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಕಡೆಯೂ ಉತ್ತರಾಯಣ ದಕ್ಷಿಣಾಯನ ಇದೆ, ಆದರೆ ಸೂರ್ಯ ಮುಳುಗುವ ಜಾಗ ಅಷ್ಟೇನೂ ಸರಿಯುವುದಿಲ್ಲ. ಅಷ್ಟು ಉತ್ತರಕ್ಕೆ ಹೋದರೆ ಚಳಿಗಾಲಕ್ಕೂ ಬೇಸಿಗೆಗೂ ಅಜಗಜಾಂತರ. ಚಳಿಗಾಲದಲ್ಲಿ ನೈಋತ್ಯದ ಕಡೆ, ಬೇಸಿಗೆಯಲ್ಲಿ ವಾಯವ್ಯದ ಕಡೆ. ಮೋನೆಯ ಸೂರ್ಯ ಬಂಡೆಯ ಹತ್ತಿರ ಇದ್ದದ್ದು ಫೆಬ್ರವರಿ ಆದ್ದರಿಂದಲೇ. ಹಾಗಾದರೆ ಜುಲೈನಲ್ಲಿ ಬರೆದ ಅಜ್ಜಿಯ ಚಿತ್ರದಲ್ಲಿ ಸೂರ್ಯ ಸೂಜಿಬಂಡೆಯ ಪಕ್ಕಕ್ಕೆ ಹೇಗೆ ಬಂದ?

ಐರ್ಲೆಂಡಿನ ನಿವೃತ್ತ ನರ್ಸ್ ಒಬ್ಬರು ನನ್ನ ಪಕ್ಕದಲ್ಲಿದ್ದರು. ಅವರಿಗೆ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಮದುವೆ ಚಳಿಗಾಲದಲ್ಲಿ ಆಗಿರಬೇಕು. ಯಾಕೆ ಜುಲೈ ಅಂತ ಹೇಳಿದರು?" ಅಂದರು. ನೋಡಿ, ಮನುಷ್ಯರ ಬುದ್ಧಿ ಎಷ್ಟು ಬೇಗ ಹಗರಣದ ಕಡೆ ಓಡುತ್ತದೆ. ಸೂರ್ಯ ಸ್ವಲ್ಪ ಆಚೀಚೆ ಇದ್ದದ್ದಕ್ಕೆ ಪಾಪದ ಅಜ್ಜಿಯ ಮದುವೆಯನ್ನೇ ಅನುಮಾನಿಸಿದ್ದಾಯಿತು.

ಮರುದಿನದಿಂದ ನಮ್ಮಿಬ್ಬರಿಗೆ ಚಿತ್ರ ಬರೆಯುವುದು ನೆಪ.

ಚಿತ್ರವೇ ಸಾಕ್ಷಿ ಹೇಳುವ ಪ್ರಸಂಗಗಳು ನಿಜಕ್ಕೂ ಇವೆ. ಮೋನೆ 1870ರ ಬೇಸಿಗೆಯಲ್ಲಿ, ಮದುವೆಯಾದ ಹೊಸತರಲ್ಲಿ, ಇದೇ ಕರಾವಳಿಯ ತ್ರೂವೀಲ್‌ನಲ್ಲಿ ಹೆಂಡತಿಯ ಚಿತ್ರ ಬರೆದ. ಅದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ಮರಳಿನ ಕಣ, ಚಿಪ್ಪಿನ ಚೂರು ಸಿಕ್ಕಿಕೊಂಡಿವೆ. ಮನೆಯಲ್ಲಿ ಕೂತು ಬರೆದದ್ದಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಯಾಕೆ? ವ್ಯಾನ್ ಗೋ 1889ರಲ್ಲಿ ಬರೆದ ಆಲಿವ್ ಮರಗಳ ಚಿತ್ರವೊಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಮ್ಯೂಸಿಯಂನಲ್ಲಿದೆ. 2017ರಲ್ಲಿ ಅದನ್ನು ಪರೀಕ್ಷೆ ಮಾಡುತ್ತಿದ್ದವರಿಗೆ ಬಣ್ಣದೊಳಗೆ ಒಂದು ಪುಟ್ಟ ಮಿಡತೆ ಕಂಡಿತು. ಯಾವ ಋತುವಿನಲ್ಲಿ ಬರೆದದ್ದು ಅಂತ ಮಿಡತೆಯಿಂದ ತಿಳಿಯಬಹುದು ಅಂದುಕೊಂಡು ಕೀಟ ತಜ್ಞರನ್ನು ಕರೆಸಿದರು. ಅವರು ನೋಡಿ ಹೇಳಿದ್ದು: ಎದೆ ಹೊಟ್ಟೆಯ ಭಾಗ ಇಲ್ಲ, ಸುತ್ತಲಿನ ಬಣ್ಣದಲ್ಲಿ ಒದ್ದಾಡಿದ ಗುರುತೂ ಇಲ್ಲ, ಬಣ್ಣಕ್ಕೆ ಬೀಳುವ ಮೊದಲೇ ಸತ್ತಿದೆ. ಸತ್ತದ್ದು ಯಾವಾಗಲೋ, ಬಿದ್ದದ್ದು ಯಾವಾಗಲೋ. ತಾರೀಖು ಸಿಗಲಿಲ್ಲ. ಆದರೆ ಹೆಣ ಪರೀಕ್ಷೆ ಅಂದರೆ ಹಾಗಿರಬೇಕು. ಇಷ್ಟು ಅಚ್ಚುಕಟ್ಟಾದ ಪೋಸ್ಟ್‌ಮಾರ್ಟಮ್ ನಾನು ಯಾವ ಕಾದಂಬರಿಯಲ್ಲೂ ಓದಿಲ್ಲ.

ನಮ್ಮ ಚಿತ್ರದಲ್ಲಿ ಮರಳೂ ಇರಲಿಲ್ಲ, ಮಿಡತೆಯೂ ಇರಲಿಲ್ಲ. ಎತ್ರೆತಾ ತೀರದಲ್ಲಿ ಮರಳಿಗಿಂತ ಉರುಟು ಕಲ್ಲುಗಳೇ ಹೆಚ್ಚು. (ಒಂದನ್ನೂ ಎತ್ತಿಕೊಂಡು ಹೋಗುವ ಹಾಗಿಲ್ಲ. ಆ ಕಲ್ಲುಗಳೇ ಊರಿಗೆ ಅಲೆಯಿಂದ ರಕ್ಷಣೆ, ತೆಗೆದರೆ ದಂಡ.) ಗಾಜಿನ ಹಿಂದಿದ್ದ ಚಿತ್ರವನ್ನು ಕಾಫಿ ಕುಡಿಯುವ ನೆಪದಲ್ಲಿ ನೋಡುತ್ತಾ ನಿಲ್ಲುವುದು ಬಿಟ್ಟು ನಮಗೆ ಬೇರೆ ದಾರಿ ಇರಲಿಲ್ಲ.

ಸುಳಿವು ಕೊಟ್ಟದ್ದು ನಮ್ಮ ಟೀಚರ್, ಅವರಿಗೇ ಗೊತ್ತಿಲ್ಲದ ಹಾಗೆ. ಹೊರಗೆ ಕೂತು ಬರೆಯುವಾಗ ಅವರದ್ದು ಒಂದೇ ಮಂತ್ರ: ಮೊದಲು ನೆರಳನ್ನು ಗುರುತು ಮಾಡಿಕೊಳ್ಳಿ, ಆಮೇಲೆ ಅದರ ಹಿಂದೆ ಓಡಬೇಡಿ. ನೀವು ಬಂಡೆಯ ಬಣ್ಣ ಕಲಸುವಷ್ಟರಲ್ಲಿ ನೆರಳು ಜಾಗ ಬಿಟ್ಟಿರುತ್ತದೆ. ಮೊದಲು ಹಾಕಿದ ಗೆರೆಯನ್ನೇ ನಂಬಿ. ದಿನಾ ಬೆಳಿಗ್ಗೆ ಇದನ್ನು ಕೇಳಿ ಕೇಳಿ ನನಗೆ ಎಲ್ಲಿ ನೋಡಿದರೂ ನೆರಳೇ ಕಾಣತೊಡಗಿತ್ತು. ಒಂದು ಸಂಜೆ ಸೂಪಿಗೆ ಚಮಚ ಅದ್ದಿ, ತಲೆ ಎತ್ತಿ ಚಿತ್ರ ನೋಡಿದೆ. ದೋಣಿಗಳ ನೆರಳು ಸೂರ್ಯನ ಕಡೆಗೇ ಬಿದ್ದಿತ್ತು.

ಸೂರ್ಯ ಎದುರಿಗಿದ್ದರೆ ನೆರಳು ನಮ್ಮ ಕಡೆಗೆ ಬರಬೇಕು. ಈ ಚಿತ್ರದಲ್ಲಿ ನಮ್ಮಿಂದ ದೂರಕ್ಕೆ, ಬಂಡೆಯ ಕಡೆಗೆ ಚಾಚಿತ್ತು. ಬಂಡೆಯ ಮುಖವೂ ಬೆಳ್ಳಗೆ ಹೊಳೆಯುತ್ತಿತ್ತು. ಸಂಜೆ ಆ ಬಂಡೆ ಹಾಗೆ ಕಾಣುವುದಿಲ್ಲ. ಸೂರ್ಯ ಹಿಂದೆ ಹೋದರೆ ಅದು ಕಪ್ಪು ನೀಲಿ. ಮೋನೆಯ ಚಿತ್ರದಲ್ಲೂ ಹಾಗೇ ಇದೆ. ಬಂಡೆ ಬೆಳ್ಳಗೆ ಕಾಣುವುದು ಬೆಳಿಗ್ಗೆ, ಪೂರ್ವದ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ಅದರ ಮುಖಕ್ಕೆ ಬಿದ್ದಾಗ. ಅಂದರೆ ಒಂದೇ ಚಿತ್ರದಲ್ಲಿ ದೋಣಿಗೆ ಬೆಳಿಗ್ಗೆ, ಆಕಾಶಕ್ಕೆ ಸಂಜೆ. ಅದೂ ಚಳಿಗಾಲದ ಸಂಜೆ.

ನರ್ಸ್ ಅಕ್ಕ ಫೋರ್ಕ್ ಕೆಳಗಿಟ್ಟರು. "ಅಲ್ಲಿ ಕೂತವರು ಈ ತಪ್ಪು ಮಾಡುವುದಿಲ್ಲ," ಅಂದರು. ಸರಿಯಾದ ಮಾತು. ಕೈ ಬರದವರು ಬಂಡೆ ವಕ್ರ ಮಾಡಬಹುದು, ದೋಣಿಯನ್ನು ಎಮ್ಮೆ ಮಾಡಬಹುದು. ಆದರೆ ಎದುರಿಗೆ ಕಾಣುವ ನೆರಳನ್ನು ಹಿಂದುಮುಂದು ಮಾಡುವುದಿಲ್ಲ. ಅದಕ್ಕೆ ಜಾಣತನ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು.

ಮರುದಿನ ಮಳೆ. ಎಲ್ಲರೂ ಮನೆಯಲ್ಲೇ. ಟೀಚರ್ ಮೂಲಕ ಮನೆಯೊಡತಿಯನ್ನು ಕೇಳಿ ಚಿತ್ರವನ್ನು ಗೋಡೆಯಿಂದ ಇಳಿಸಿದೆವು. ಜಲವರ್ಣ ಹೇಗೆ ಬರೆದಿದ್ದಾರೆ ಅಂತ ಹತ್ತಿರದಿಂದ ನೋಡಬೇಕು ಅಂದೆವು. ಸುಳ್ಳಲ್ಲ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಚಿತ್ರದ ಒಂದು ಪಕ್ಕಕ್ಕೆ, ಕಾಗದಕ್ಕೆ ತಾಗುವಷ್ಟು ಕೆಳಗೆ ಹಿಡಿದೆ. ಓರೆ ಬೆಳಕಿನಲ್ಲಿ ಕಾಗದದ ಉಬ್ಬುತಗ್ಗು ಎದ್ದು ಕಾಣುತ್ತದೆ. ಮ್ಯೂಸಿಯಂನವರೂ ಹೀಗೇ ನೋಡುತ್ತಾರೆ. ಆಕಾಶದ ತೆಳು ನೀಲಿಯ ಕೆಳಗೆ ಪೆನ್ಸಿಲ್ ಗೆರೆಗಳು ಕಂಡವು. ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ. ಮತ್ತೊಂದು ಉದ್ದ, ಮತ್ತೊಂದು ಅಡ್ಡ. ಪೆನ್ಸಿಲ್ ಮೇಲೆ ನೀರಿನ ಬಣ್ಣ ಹಚ್ಚಿ ಒಣಗಿಸಿದರೆ ಆಮೇಲೆ ರಬ್ಬರಿಗೆ ಸುಲಭವಾಗಿ ಬರುವುದಿಲ್ಲ. ಅಷ್ಟು ವರ್ಷ ಅಲ್ಲೇ ಕೂತಿದ್ದವು.

ಗುಂಪಿನಲ್ಲಿದ್ದ ಉಳಿದವರಿಗೆ ಅದು ಏನು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಸಂಬಳ ಸಾಲದೆ ರಜಾದಿನಗಳಲ್ಲಿ ನಾಟಕದ ಪರದೆ ಬರೆಯುತ್ತಿದ್ದರು. ಅರಮನೆ, ಕಾಡು, ಬೀದಿ. ಕ್ಯಾಲೆಂಡರಿನ ಚಿತ್ರದ ಮೇಲೆ ಚೌಕ ಹಾಕುವುದು, ಪರದೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕುವುದು, ಇಲ್ಲಿನ ಚೌಕದಲ್ಲಿ ಇದ್ದದ್ದನ್ನು ಅಲ್ಲಿನ ಚೌಕಕ್ಕೆ ಇಳಿಸುವುದು. ತೀರಿಹೋದವರ ಪಾಸ್‌ಪೋರ್ಟ್ ಸೈಜಿನ ಫೋಟೊವನ್ನು ಗೋಡೆಗೆ ಹಾಕುವ ಹಾಗೆ ದೊಡ್ಡದು ಮಾಡಿಕೊಡುತ್ತಿದ್ದದ್ದೂ ಹೀಗೇ. ಸುಣ್ಣದ ಪುಡಿಯ ದಾರ ಎಳೆದು ಬಿಡಲು ನಮ್ಮನ್ನು ಕರೆಯುತ್ತಿದ್ದರು. ದಾರದ ಒಂದು ತುದಿ ಹಿಡಿದು ನಿಂತವರಲ್ಲಿ ನಾನೂ ಒಬ್ಬಳು.

ಹಾಗಾಗಿ ಅಜ್ಜಿ ತೀರದಲ್ಲಿ ಕೂತು ಬರೆದಿರಲಿಲ್ಲ. ಯಾವುದೋ ಅಚ್ಚಾದ ಚಿತ್ರವನ್ನು ನೋಡಿ ಬರೆದಿದ್ದರು. ಬಹುಶಃ ಇದೇ ಊಟದ ಮೇಜಿನ ಮೇಲೆ.

ಹವ್ಯಾಸಿ ಪತ್ತೇದಾರರ ಕಷ್ಟ ಶುರುವಾಗುವುದು ಇಲ್ಲಿಂದ. ಪೊಲೀಸರಾದರೆ ಚಾರ್ಜ್‌ಶೀಟ್ ಹಾಕಿ ಮನೆಗೆ ಹೋಗುತ್ತಾರೆ. ನಮಗೆ ಮಾರನೇ ಬೆಳಿಗ್ಗೆ ಅದೇ ಮನೆಯೊಡತಿಯ ಕೈಯಿಂದ ಬ್ರೆಡ್ಡು ಜಾಮು ತಿನ್ನಬೇಕು. ಯಾರೂ ದೂರು ಕೊಟ್ಟಿಲ್ಲ. ಯಾರಿಗೂ ನಷ್ಟವಾಗಿಲ್ಲ. ಒಬ್ಬರು ಅಜ್ಜಿ, ದಿನಾ ಸಂಜೆ ಕಡಲತೀರ, ಹೊಸ ಗಂಡ ಅಂತ ಒಂದು ಕಥೆ ಆ ಮನೆಯಲ್ಲಿ ನೆಮ್ಮದಿಯಾಗಿ ಬದುಕಿದೆ. ಅದರ ಸೂರ್ಯನನ್ನು ನಾವು ಯಾಕೆ ಕಿತ್ತು ಹಾಕಬೇಕು?

ಗುಂಪು ಎರಡಾಯಿತು. ಜರ್ಮನಿಯ ದಂಪತಿ ಹೇಳಲೇಬೇಕು ಅಂದರು. ನಿಜ ನಿಜವೇ ಅಂತ ಅವರ ವಾದ. ನಾನು ಸುಮ್ನೆ ಬಿಟ್ಟುಬಿಡೋಣ ಅಂದೆ. ಮಗಳಿಗೆ ಫೋನ್ ಮಾಡಿದರೆ ಅವಳು, "ಅಮ್ಮಾ, ಚಿತ್ರ ಬರೆಯೋಕೆ ಅಂತ ಕಳಿಸಿದ್ರೆ ನೀನು ಕಂಡವರ ಮನೆ ಗೋಡೆ ಇಳಿಸ್ತಾ ಇದ್ದೀಯಾ?" ಅಂದಳು.

ನನ್ನ ಪರವಾಗಿ ನಾನು ಮೋನೆಯನ್ನೇ ಕರೆದೆ. ಅವನು ಹೊರಗೆ ನಿಂತು ಬರೆಯುವುದಕ್ಕೆ ಹೆಸರಾದವನು. ಬರೀ ಮಾತಲ್ಲ, ಪ್ರಾಣವನ್ನೇ ಪಣಕ್ಕಿಟ್ಟಿದ್ದ. 1885ರ ನವೆಂಬರ್‌ನಲ್ಲಿ ಇದೇ ಎತ್ರೆತಾದಲ್ಲಿ, ಮಾನ್‌ಪೋರ್ತ್ ಅನ್ನುವ ದೊಡ್ಡ ಕಮಾನಿನ ಬುಡದಲ್ಲಿ ಬರೆಯುತ್ತಾ ಮೈಮರೆತಿದ್ದಾಗ ಭರತ ಬಂತು. ಅಲೆ ಅವನನ್ನು ಬಂಡೆಗೆ ಬಡಿದು, ಸಾಮಾನಿನ ಸಮೇತ ಎಳೆದುಕೊಂಡು ಹೋಯಿತು. ಕೈಯಲ್ಲಿ ಹಿಡಿದಿದ್ದ ಬಣ್ಣದ ಹಲಗೆ ಮುಖಕ್ಕೆ ಬಡಿದು ಗಡ್ಡವೆಲ್ಲ ನೀಲಿ ಹಳದಿ. ಹೇಗೋ ಕೈಕಾಲು ಊರಿಕೊಂಡು ಮೇಲೆ ಬಂದ, ಚಿತ್ರ ಹೋಯಿತು. ಎತ್ರೆತಾದಲ್ಲಿ ಬಾಲ್ಯ ಕಳೆದ ಕಥೆಗಾರ ಮೊಪಾಸಾ ಅವನನ್ನು ಇಲ್ಲಿ ನೋಡಿ, ಇವನು ಚಿತ್ರಕಾರನಲ್ಲ, ಬೇಟೆಗಾರ ಅನ್ನುವ ಅರ್ಥದಲ್ಲಿ 1886ರಲ್ಲಿ ಬರೆದ. ಐದಾರು ಕ್ಯಾನ್‌ವಾಸ್ ಇಟ್ಟುಕೊಂಡು, ಬೆಳಕು ಬದಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದನಂತೆ.

ಅಂಥವನೂ ಎತ್ರೆತಾದ ಚಿತ್ರಗಳನ್ನು ಕಟ್ಟಿಕೊಂಡು ಹೋಗಿ ಸ್ಟುಡಿಯೋದಲ್ಲಿ ಮುಗಿಸುತ್ತಿದ್ದ. ಫೆಬ್ರವರಿ 5ರ 4:53 ಅನ್ನುವುದು ನನ್ನ ಪ್ರಕಾರ ಸೂರ್ಯನ ಸಮಯ, ಚಿತ್ರದ ಸಮಯ ಅಲ್ಲ. ಒಂದು ನಿಮಿಷದಲ್ಲಿ ಯಾರೂ ಅಂಥ ಚಿತ್ರ ಬರೆಯುವುದಿಲ್ಲ. ಆಮೇಲೆ ಲಂಡನ್ನಿನ ಚಿತ್ರಗಳ ವಿಷಯದಲ್ಲಿ, ಇವನು ಫೋಟೊ ನೋಡಿ ಬರೆದ ಅಂತ ಮಾತು ಹಬ್ಬಿದಾಗ ಅವನಿಗೆ ಸಿಟ್ಟು ಬಂತು. ನಾನು ಎದುರಿಗೆ ನೋಡಿ ಬರೆದೆನೋ ಇಲ್ಲವೋ ಅನ್ನುವುದು ಯಾರಿಗೂ ಸಂಬಂಧಪಟ್ಟದ್ದಲ್ಲ, ಅದಕ್ಕೆ ಯಾವ ಮಹತ್ವವೂ ಇಲ್ಲ ಅನ್ನುವ ಅರ್ಥದಲ್ಲಿ 1905ರಲ್ಲಿ ತನ್ನ ವ್ಯಾಪಾರಿ ದ್ಯುರಾಂ ರ‍್ಯುಯೆಲ್‌ಗೆ ಬರೆದ. ಮೋನೆಗೇ ಇಲ್ಲದ ಕಟ್ಟುಪಾಡು ಒಬ್ಬ ಅಜ್ಜಿಗೆ ಯಾಕೆ ಅಂತ ನಾನು ಕೇಳಿದೆ.

ಜರ್ಮನ್ ಯಜಮಾನರು ತಲೆ ಆಡಿಸಿದರು. ಅವರ ಹೆಂಡತಿ ಆಡಿಸಲಿಲ್ಲ. "ನೀವು ಆ ಅಜ್ಜಿಯನ್ನು ಕಾಪಾಡುತ್ತಿದ್ದೀರಾ, ಮೊಮ್ಮಗಳನ್ನು ಕಾಪಾಡುತ್ತಿದ್ದೀರಾ? ಅವರೇನು ಚಿಕ್ಕ ಹುಡುಗಿಯಾ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಬ್ಬರ ಮನಸ್ಸು ನೋಯಬಾರದು ಅಂತ ವಿಷಯ ಮುಚ್ಚಿಡುವುದರಲ್ಲಿ ನಾವು ಎತ್ತಿದ ಕೈ. ಅದರಲ್ಲಿ ಎಷ್ಟು ಕರುಣೆ, ಎಷ್ಟು ದೊಡ್ಡಸ್ತಿಕೆ ಅಂತ ಬಿಡಿಸಿ ನೋಡುವುದು ಕಷ್ಟ.

ಕೊನೆಗೆ ನರ್ಸ್ ಅಕ್ಕ ಒಂದು ದಾರಿ ತೆಗೆದರು. ತೀರ್ಪು ಹೇಳುವುದು ಬೇಡ, ಒಂದು ಪ್ರಶ್ನೆ ಕೇಳೋಣ. ಸಂಜೆ ತಟ್ಟೆ ತೆಗೆಯುವಾಗ ಅವರೇ ಕೇಳಿದರು: "ನಿಮ್ಮ ಅಜ್ಜಿಯ ಹಳೇ ಪೋಸ್ಟ್‌ಕಾರ್ಡುಗಳು ಏನಾದರೂ ಇವೆಯಾ?"

ಇದ್ದವು. ಬಿಸ್ಕತ್ತಿನ ಡಬ್ಬಿ ತುಂಬಾ ಇದ್ದವು. ಮೊದಲ ಮಹಾಯುದ್ಧಕ್ಕೆ ಮುಂಚೆ ಫ್ರಾನ್ಸಿನಲ್ಲಿ ಚಿತ್ರದ ಪೋಸ್ಟ್‌ಕಾರ್ಡಿಗೆ ಹುಚ್ಚು ಹಿಡಿದಿತ್ತು. ಸಣ್ಣ ಸಣ್ಣ ಊರಿನ ಬೀದಿ, ಬಾವಿ, ಸೇತುವೆ ಕೂಡ ಕಾರ್ಡಾಗಿ ಮಾರಾಟವಾಗುತ್ತಿತ್ತು. ಅವುಗಳಿಂದ ಆಗುವ ಉಪಕಾರ ಸಣ್ಣದಲ್ಲ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತು ಹಳೇ ಕಾರ್ಡು ನೋಡುತ್ತಿದ್ದ ವೌಟರ್ ವಾನ್ ಡೆರ್ ವೇನ್ ಅನ್ನುವ ಸಂಶೋಧಕರಿಗೆ, ಓವೆರ್ ಊರಿನ ರಸ್ತೆಬದಿಯ ಮರದ ಬೇರುಗಳು ಎಲ್ಲೋ ನೋಡಿದ ಹಾಗೆ ಕಂಡವು. ವ್ಯಾನ್ ಗೋ ಬರೆದ ಕೊನೆಯ ಚಿತ್ರದ ಬೇರುಗಳೇ ಅವು. ಅವನು ಉಳಿದಿದ್ದ ಹೋಟೆಲಿನಿಂದ ಸುಮಾರು 150 ಮೀಟರ್ ದೂರ. ನೂರ ಮೂವತ್ತು ವರ್ಷ ಆ ದಾರಿಯಲ್ಲಿ ಓಡಾಡಿದವರಿಗೆ ಕಾಣದ್ದು ಒಂದು ಕಾರ್ಡಿನಲ್ಲಿ ಕಂಡಿತು.

ಅಲ್ಲಿ ಕಾರ್ಡು ನಿಜ ಹೇಳಿತ್ತು. ನಮ್ಮ ಡಬ್ಬಿಯಲ್ಲಿದ್ದದ್ದು ಸುಳ್ಳು ಹೇಳುತ್ತಿತ್ತು. ಡಬ್ಬಿಯ ತಳದಲ್ಲಿತ್ತು ಅದು. ಅದೇ ದೋಣಿಗಳು, ಅದೇ ಹುಲ್ಲಿನ ಚಾವಣಿ, ಅದೇ ನೆರಳು. ಮೇಲೆ ತೆಳುವಾದ ಪೆನ್ಸಿಲ್ ಚೌಕಗಳು. ಅಂಚಿನಲ್ಲಿ ಚಿಕ್ಕ ಅಂಕಿಗಳು. ಸೂಜಿಬಂಡೆಯ ಪಕ್ಕದಲ್ಲಿ ಅಚ್ಚು ಹಾಕಿದ ಕೆಂಪು ಬಿಲ್ಲೆ. ಆ ಕಾಲದಲ್ಲಿ ಕಪ್ಪು ಬಿಳುಪು ಫೋಟೊಗೆ ಅಚ್ಚಿನ ಮನೆಯಲ್ಲೇ ಬಣ್ಣ ಹಾಕುತ್ತಿದ್ದರು. ಬೇಕೆಂದರೆ ಸೂರ್ಯ, ಬೇಕೆಂದರೆ ಹುಣ್ಣಿಮೆ. ಬೆಳಗಿನ ಬಿಸಿಲಿನಲ್ಲಿ ತೆಗೆದ ಫೋಟೊ ಸಂಜೆಯಾಗಿ ಮಾರಾಟವಾಗುತ್ತಿತ್ತು. ಹಾಗೆ ಯಾವುದೋ ಊರಿನ ಅಚ್ಚಿನ ಮನೆಯ ಕೆಲಸಗಾರ, ಬಹುಶಃ ಎತ್ರೆತಾವನ್ನು ಕಣ್ಣಲ್ಲಿ ನೋಡದವನು, ಚೆನ್ನಾಗಿ ಕಾಣುತ್ತದೆ ಅಂತ ಸೂರ್ಯನನ್ನು ಅಲ್ಲಿ ಇಟ್ಟ. ಅಜ್ಜಿ ಇದ್ದದ್ದನ್ನು ಇದ್ದ ಹಾಗೆ ಬರೆದರು.

ಮನೆಯೊಡತಿ ಕಾರ್ಡನ್ನು ಚಿತ್ರದ ಪಕ್ಕ ಹಿಡಿದರು. ಟೀಚರ್ ಮೆಲ್ಲಗೆ ಚೌಕದ ವಿಷಯ ವಿವರಿಸಿದರು. ನಾನು ಮೇಜಿನ ಬಟ್ಟೆಯ ಮೇಲಿನ ಹೂವು ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಏನೋ ಹೇಳಿ ಜೋರಾಗಿ ನಕ್ಕರು. ಟೀಚರ್ ಇಂಗ್ಲಿಷಿಗೆ ಇಳಿಸಿದರು: "ಅಜ್ಜಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಬಟ್ಟೆ ಕತ್ತರಿಸಿದರೂ ಸೊಟ್ಟ. ಈ ಗೆರೆ ಅವರದ್ದಲ್ಲ."

ಒಳಗೆ ಹೋಗಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದರು. ಅಜ್ಜ ಬಡಗಿ. ಮರದ ಅಳತೆ, ಕೂಲಿ, ಮೊಳೆಯ ಖರ್ಚು. ಒಂದು ಪುಟ ತೆರೆದು ಕಾರ್ಡನ್ನು ಅದರ ಮೇಲಿಟ್ಟರು. ಅಂಚಿನ ಅಂಕಿಗಳ 4, ಮೇಲೆ ತೆರೆದು ಬಿಟ್ಟ 4, ಪುಸ್ತಕದ 4ರ ಹಾಗೇ ಇತ್ತು. 9ರ ಬಾಲವೂ ಅಷ್ಟೇ, ಕೆಳಗೆ ಹೋಗಿ ಎಡಕ್ಕೆ ಕೊಕ್ಕೆ ಹಾಕಿತ್ತು. ಗೆರೆ ಅಜ್ಜ ಹಾಕಿದ್ದು, ಬಣ್ಣ ಅಜ್ಜಿ ತುಂಬಿದ್ದು. ನಮಗೆ ಯಾರಿಗೂ ಹೊಳೆಯದ ಎರಡನೇ ಕೈ.

ಆಮೇಲೆ ನಮ್ಮನ್ನು ಕೇಳುವವರೇ ಇಲ್ಲ. ತನಿಖೆ ಅವರ ಕೈಗೆ ಹೋಯಿತು. ಮಾರನೇ ದಿನ ಬೆಳಿಗ್ಗೆ ಕಾಫಿ ತಡವಾಗಿ ಬಂತು, ಯಾಕೆಂದರೆ ಅವರು ಕಾರ್ಡು ಹಿಡಿದು ತೀರಕ್ಕೆ ಹೋಗಿದ್ದರು. ಫೋಟೊ ತೆಗೆದವನು ನಿಂತ ಜಾಗ ಸಿಕ್ಕಿದೆ ಅಂತ ಬಂದು ಹೇಳಿದರು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದೇನೆ, ಬೆಳಿಗ್ಗೆ ನೆರಳು ಬಂಡೆಯ ಕಡೆ ಬೀಳುತ್ತದೆ ಅಂತ ಇವತ್ತು ನೋಡಿದೆ ಅಂದರು. ಜುಲೈ ತಿಂಗಳ ಸಂಜೆಗಳ ಕಥೆ ಮಾತ್ರ ಅವರು ಬಿಟ್ಟುಕೊಡಲಿಲ್ಲ. ತೀರಕ್ಕೆ ಹೋಗಿ ಕೂತಿದ್ದರು ಅನ್ನುವುದು ನಿಜ, ಮನೆಗೆ ಬಂದು ಬರೆದಿದ್ದಾರೆ ಅಂತ ತೀರ್ಮಾನಿಸಿದರು. ಅದನ್ನು ಅಲ್ಲಗಳೆಯುವ ಸಾಕ್ಷಿ ನಮ್ಮ ಹತ್ತಿರ ಏನಿದೆ? ನಾನು ಒಪ್ಪಿಕೊಂಡೆ. ಜರ್ಮನ್ ಹೆಂಗಸೂ ಒಪ್ಪಿದರು, ಸ್ವಲ್ಪ ತಡವಾಗಿ.

ನಾನು ಬೆಂಗಳೂರಿಗೆ ಬಂದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಪಕ್ಕದ ಫೆಕಾಂ ಊರಿನಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ನಡೆಯುತ್ತಿತ್ತಂತೆ. ಅಲ್ಲಿ ಅವರಿಗೆ ಅದೇ ಕಾರ್ಡಿನ ಇನ್ನೊಂದು ಪ್ರತಿ ಸಿಕ್ಕಿದೆ. ಅದೇ ದೋಣಿ, ಅದೇ ನೆರಳು, ಬಣ್ಣ ಇಲ್ಲ, ಸೂರ್ಯ ಇಲ್ಲ. ಎರಡನ್ನೂ ಚಿತ್ರದ ಕೆಳಗೆ ಗೋಡೆಗೆ ಹಾಕಿದ್ದಾರೆ. ಬಂದವರಿಗೆ ಈಗ ಕಥೆ ಹೇಳಲು ಅರ್ಧ ಗಂಟೆ ಬೇಕಂತೆ, ಸೂಪು ಆರಿ ಹೋಗುತ್ತದಂತೆ.

ಕೆಳಗೆ ಇನ್ನೊಂದು ಸಾಲು ಇತ್ತು. ಮೇಲಿನ ಮಹಡಿಯ ಮಲಗುವ ಕೋಣೆಯಲ್ಲಿ ಅಜ್ಜಿಯದ್ದು ಇನ್ನೊಂದು ಚಿತ್ರ ಇದೆ, ಹಸುಗಳದ್ದು. ಟಾರ್ಚ್ ಹಾಕಿ ನೋಡಿದರೆ ಚೌಕ ಕಾಣಲಿಲ್ಲ. ಆದರೆ ಒಂದು ಹಸುವಿಗೆ ಐದು ಕಾಲಿದೆ. ಏನಿರಬಹುದು?